ಮಂಕಿ ಕ್ಯಾಪ್ ಹಾಕಿದ ಕ್ಯಾಮೆರಾ

ಡಿಸೆಂಬರಿನ ಚಳಿಯಲ್ಲೂ ವಾಸಣ್ಣ ಬರಿಯ ಬೋಳುತಲೆಯಲ್ಲೇ ನಾಟಕಕ್ಕೆ ಬರುತ್ತಿದ್ದರು. ಮಂಕಿ ಕ್ಯಾಪ್ ಹಾಕಿಕೊಂಡಿರುತ್ತಿದ್ದುದು ಅವರ ಕ್ಯಾಮೆರಾ. ಮುಖಕ್ಕೆಂದು ಬಿಟ್ಟ ತೂತಿನಿಂದ ಲೆನ್ಸು ಇಣುಕುತ್ತಿತ್ತು. ಹಿಂದುಗಡೆ ಹೆಂಡತಿಯ ಕೈಯಲ್ಲಿ ಹೆಣಿಗೆ ಬಿಚ್ಚಿಸಿ, ತಮ್ಮ ಕಣ್ಣಿಗೊಂದು ಕಿಂಡಿ ಮಾಡಿಸಿಕೊಂಡಿದ್ದರು. ಇದಕ್ಕೆ ಕಾರಣ ನಮ್ಮ ಹವ್ಯಾಸಿ ತಂಡದ ಹಿರಿಯ ನಟಿ ಲಲಿತಕ್ಕ. ಮಾತಿಲ್ಲದ ದೃಶ್ಯದಲ್ಲಿ ನಿಮ್ಮ ಕ್ಯಾಮೆರಾ ಟಕ್ ಅಂದರೆ ನನಗೆ ಎಲ್ಲ ಮರೆತುಹೋಗುತ್ತದೆ ಎಂದು ಒಮ್ಮೆ ಅವರು ರೇಗಿದ್ದರು. ಮಾತೇ ಇಲ್ಲದ ಕಡೆ ಮರೆಯುವುದಕ್ಕೆ ಏನಿರುತ್ತದೆ ಎಂದು ವಾಸಣ್ಣ ಕೇಳಲಿಲ್ಲ. ಮುಂದಿನ ಪ್ರದರ್ಶನಕ್ಕೆ ಟೋಪಿ ತೊಡಿಸಿಕೊಂಡು ಬಂದರು. ಸದ್ದೇನೂ ಅಂಥ ಕಡಿಮೆಯಾಗಲಿಲ್ಲ. ಟಕ್ ಅನ್ನುತ್ತಿದ್ದದ್ದು ಟುಕ್ ಅನ್ನತೊಡಗಿತು.

ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು ಅವರು. ವೈಯಾಲಿಕಾವಲಿನಿಂದ ಬಸ್ಸು ಹಿಡಿದು ಚಾಮರಾಜಪೇಟೆಯ ನಮ್ಮ ಪುಟ್ಟ ರಂಗಮಂದಿರಕ್ಕೆ ಬಂದು, ಮುಂದಿನ ಸಾಲಿನ ಎಡಮೂಲೆಯ ಕುರ್ಚಿ ಹಿಡಿಯುತ್ತಿದ್ದರು. ನಾನು ತಂಡದ ಬೆಳಕಿನವನು. ಬೆಳಕು ಇಳಿಸುವುದು ನನ್ನ ಕೆಲಸ, ಬೆಳಕು ಬೇಕೆನ್ನುವುದು ಅವರ ಹಟ. ಹೀಗಾಗಿ ನಮ್ಮದು ಹಾವು ಮುಂಗುಸಿಯ ಸ್ನೇಹ. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ಇಲ್ಲ, ‘ಲೈಟು’ ಎಂದೇ ಕರೆಯುತ್ತಿದ್ದರು. ಫ್ಲ್ಯಾಷ್ ಹಾಕಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ, ಅದು ಮಲಗಿದವರ ಮುಖಕ್ಕೆ ನೀರು ಎರಚಿದ ಹಾಗೆ ಎನ್ನುತ್ತಿದ್ದರು.

ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಚಿತ್ರ. ನಾವು ಮತ್ತೆ ಮತ್ತೆ ಆಡುತ್ತಿದ್ದ ನಾಟಕವೊಂದರ ಕೊನೆಯಲ್ಲಿ, ಛತ್ರ ನೋಡಿಕೊಳ್ಳುವ ಹೆಂಗಸಾದ ಲಲಿತಕ್ಕ, ಎಲ್ಲರೂ ಹೊರಟುಹೋದ ಮೇಲೆ ಬುಡ್ಡಿದೀಪದ ಮೇಲೆ ಬಾಗಿ ಅದನ್ನು ಊದಿ ಆರಿಸುತ್ತಾರೆ. ಅವರು ಬಾಗುತ್ತಿದ್ದಂತೆ ನಾನು ಉಳಿದ ಬೆಳಕನ್ನೆಲ್ಲ ಇಳಿಸುತ್ತೇನೆ. ಊದುವ ಮುಂಚಿನ ಆ ಮುಖ ವಾಸಣ್ಣನ ಕ್ಯಾಮೆರಾಕ್ಕೆ ಎಷ್ಟು ಪ್ರದರ್ಶನವಾದರೂ ಸಿಕ್ಕಿರಲಿಲ್ಲ. ಯಾಕೆ ಸಿಗುವುದಿಲ್ಲ ಎಂದು ನಾನೊಮ್ಮೆ ಕೆಣಕಿದ್ದಕ್ಕೆ ಪಾಠವೇ ಆಯಿತು.

“ಶಟರ್, ಅಪರ್ಚರ್, ಐಎಸ್‌ಒ, ಹಬ್ಬಕ್ಕೆ ಬಂದ ಮೂರು ಜನ ಅಳಿಯಂದ್ರು ಕಣೋ ಇವ್ರು. ಶಟರ್ ನಿಧಾನ ಮಾಡಿದ್ರೆ ಬೆಳಕೇನೋ ಬರುತ್ತೆ, ಆದ್ರೆ ಲಲಿತ ಬಾಗ್ತಾ ಇರ್ತಾಳಲ್ಲ, ಮುಖ ಕಲಸಿಹೋಗುತ್ತೆ. ಅಪರ್ಚರ್, ಅದೇ ಲೆನ್ಸಿನ ಕಿಂಡಿ, ಪೂರ್ತಿ ತೆಗೆದ್ರೆ ದೀಪ ಸ್ಪಷ್ಟ, ಮುಖ ಮಂಜು. ಐಎಸ್‌ಒ ಅಂದ್ರೆ ಬೆಳಕು ಹೀರೋ ಶಕ್ತಿ, ಅದನ್ನ ಏರಿಸಿದ್ರೆ ಮುಖದ ತುಂಬಾ ರವೆ ಉದುರಿಸಿದ ಹಾಗೆ. ಒಬ್ಬನಿಗೆ ಹೋಳಿಗೆ ಜಾಸ್ತಿ ಬಡಿಸಿದ್ರೆ ಇನ್ನೊಬ್ಬ ಮುಖ ಊದಿಸ್ಕೋತಾನೆ.”

ಪಾಠ ಮುಗಿದ ಮೇಲೆ ಅರ್ಜಿ. ಕೊನೇ ದೃಶ್ಯದಲ್ಲಿ ಒಂದು ಚೂರು ಏರಿಸಬಾರದೇ ಎಂದು ಪ್ರತಿ ಪ್ರದರ್ಶನಕ್ಕೂ ಮುಂಚೆ ಕೇಳುತ್ತಿದ್ದರು. ಆಗುವುದಿಲ್ಲ ಎಂದು ನಾನೂ ತಪ್ಪದೆ ಹೇಳುತ್ತಿದ್ದೆ.

“ಸರಿ ಬಿಡು. ನೀನು ಬಚ್ಚಿಡು, ನಾನು ಕದೀತೀನಿ,” ಎಂದು ನನ್ನ ಬೆಳಕಿನ ಕೋಣೆಯ ಮೆಟ್ಟಿಲು ಇಳಿದುಹೋಗುತ್ತಿದ್ದರು.

ಈ ಕಳ್ಳನಿಗೂ ಒಂದು ನೀತಿ ಇತ್ತು. ಅದು ಹುಟ್ಟಿದ ಕಥೆ ಹೀಗಿದೆ. ಹೊಸ ಕ್ಯಾಮೆರಾ ಕೊಂಡಾಗ ಐಎಸ್‌ಒ ಚಿಂತೆಯನ್ನು ಅದರ ಪಾಲಿಗೇ ಬಿಟ್ಟುಬಿಡಬಹುದು ಎಂದು ಯಾರೋ ಹೇಳಿಕೊಟ್ಟರು. ಬೆಳಕು ಕಡಿಮೆಯಾದಷ್ಟೂ ಅದೇ ಏರಿಸಿಕೊಳ್ಳುತ್ತದೆ. ವಾಸಣ್ಣ ಹಿಗ್ಗಿ, ಮಿತಿ ಹಾಕದೆ ಬಿಟ್ಟರು. ಅವತ್ತು ರಾಜನ ಕೊಲೆಯ ನಾಟಕ. ರಾಜ ಸತ್ತ, ನಾನು ಬೆಳಕು ತೆಗೆದೆ, ಜನ ನಿಟ್ಟುಸಿರು ಬಿಟ್ಟರು. ಪರದೆಯ ಹಿಂದಿನ ಮಂಕು ನೀಲಿ ದೀಪವೊಂದೇ ಆ ಕ್ಯಾಮೆರಾಕ್ಕೆ ಸಾಕಾಯಿತು. ಚಿತ್ರದಲ್ಲಿ ಸತ್ತ ರಾಜ ಎದ್ದು ಕೂತು ಪಂಚೆ ಮೇಲೆತ್ತಿ ಮಂಡಿ ಕೆರೆದುಕೊಳ್ಳುತ್ತಿದ್ದ, ಕೊಂದವನು ಅವನಿಗೆ ಲೋಟದಲ್ಲಿ ಕಾಫಿ ಕೊಡುತ್ತಿದ್ದ. ತಂಡದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಾಜನ ಪಾತ್ರದವನು ಮಾತ್ರ ನಗಲಿಲ್ಲ. ಅವನ ಮುಖ ಸಣ್ಣದಾದದ್ದನ್ನು ನೋಡಿ ವಾಸಣ್ಣ ಅಲ್ಲೇ ಚಿತ್ರ ಅಳಿಸಿದರು. ಆಮೇಲೆ ಕ್ಯಾಮೆರಾದ ಐಎಸ್‌ಒಗೆ ಮೂರು ಸಾವಿರದ ಇನ್ನೂರರ ಲಕ್ಷ್ಮಣರೇಖೆ ಎಳೆದರು, ಅದನ್ನು ಯಾವತ್ತೂ ದಾಟಲಿಲ್ಲ.

“ಕತ್ತಲೆಗೂ ಒಂದು ಮರ್ಯಾದೆ ಇರುತ್ತೆ ಕಣೋ ಲೈಟು. ಎಲ್ಲಾನೂ ನೋಡ್ಬಾರ್ದು,” ಎಂದರು.

ಒಂದು ಸಂಜೆ ರಂಗಮಂದಿರದ ಕ್ಯಾಂಟೀನಿನಲ್ಲಿ ಬೈ ಟು ಕಾಫಿ ಹಂಚಿಕೊಳ್ಳುವಾಗ ಲೋಟವನ್ನು ಮೇಜಿನಂಚಿಗೆ ಇಡಲು ಹೋಗಿ ಗಾಳಿಯಲ್ಲಿ ಇಟ್ಟರು. ಒಡೆದ ಚೂರುಗಳನ್ನು ಆರಿಸುತ್ತ ನಾನು ಕೇಳಿದಾಗ ವಿಷಯ ಹೊರಬಿತ್ತು. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆಯಂತೆ. ಪಕ್ಕದ್ದೆಲ್ಲ ಆಗಲೇ ಹೋಗಿದೆ, ನೆಟ್ಟಗೆ ನೋಡಿದ್ದು ಮಾತ್ರ ಕಾಣುತ್ತದೆ, ಅದೂ ಎಷ್ಟು ದಿನವೋ ಡಾಕ್ಟರು ಹೇಳುತ್ತಿಲ್ಲ. ಹೇಳುವಾಗಲೂ ತಮಾಷೆ ಬಿಡಲಿಲ್ಲ.

“ನನ್ ಐಎಸ್‌ಒ ಮಿತಿ ಮುಟ್ಬಿಡ್ತು ಕಣೋ. ಪೂರ್ತಿ ಕತ್ತಲಾಗೋ ಅಷ್ಟರಲ್ಲಿ ಆ ಒಂದು ಫೋಟೋ ಸಿಕ್ಬಿಟ್ರೆ ಸಾಕು.”

ಆ ಸಲ ಅವರು ಅರ್ಜಿ ಹಾಕಲಿಲ್ಲ. ಮುಂದಿನ ಪ್ರದರ್ಶನದಲ್ಲಿ ಲಲಿತಕ್ಕ ದೀಪದ ಮೇಲೆ ಬಾಗಿದಾಗ ನಾನು ಬೆಳಕು ಇಳಿಸುವುದರ ಬದಲು ಸ್ವಲ್ಪ ಏರಿಸಿದೆ, ಹಾಗೇ ಹಿಡಿದೂ ಇಟ್ಟೆ. ಬೆಳಕು ಹೋಗದೆ ಇರುವುದನ್ನು ಕಂಡು ಲಲಿತಕ್ಕನೂ ಊದದೆ ಕಾದರು. ಮುಂದಿನ ಸಾಲಿನಿಂದ ಟುಕ್ ಎಂದು ಕೇಳಿಸಿತು. ಆಮೇಲೆ ಕತ್ತಲು.

ಚಿತ್ರ ಅದ್ಭುತವಾಗಿತ್ತು. ನೋಡಿದವರೆಲ್ಲ ಹೊಗಳಿದರು. ವಾಸಣ್ಣ ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು, ಕ್ಯಾಮೆರಾದ ಪರದೆಯನ್ನು ಮೂಗಿನ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದರು. ಎಷ್ಟು ಏರಿಸಿದ್ದೆ ಎಂದು ಕೇಳಿದರು. ಏರಿಸಲೇ ಇಲ್ಲ ಎಂದೆ.

“ಸುಳ್ಳು ಹೇಳ್ಬೇಡ. ಯಾವಾಗ್ಲೂ ಮೂರು ಸಾವಿರದ ಇನ್ನೂರು ಮುಟ್ಟಿ ಒದ್ದಾಡೋದು, ಇವತ್ತು ಎಂಟ್ನೂರಕ್ಕೇ ಹಾಯಾಗಿ ನಿಂತಿದೆ. ಕದ್ದಿದ್ರೆ ನಂದಾಗ್ತಿತ್ತು. ನೀನು ಕೊಟ್ಬಿಟ್ಯಲ್ಲೋ.”

ಆಮೇಲೆ ನನ್ನ ಹೆಗಲು ಹುಡುಕಿ ಕೈಯಿಟ್ಟರು. ಸೀನೂ ಹಾಳಾಯ್ತು, ಮುಂದಿನ ಸಲ ಮೊದಲಿನ ಹಾಗೇ ಇಳಿಸು, ನಾನು ನೋಡ್ಕೋತೀನಿ ಎಂದು ಗದರಿಸಿ, ಟೋಪಿ ಸರಿಮಾಡಿ, ಮೆಟ್ಟಿಲು ಇಳಿದರು.

ಮುಂದಿನ ಸಲಕ್ಕೆ ಅವರಿರಲಿಲ್ಲ. ಕಣ್ಣಿನ ಬಗ್ಗೆ ಅಷ್ಟೊಂದು ಲೆಕ್ಕ ಹಾಕುತ್ತಿದ್ದ ಮನುಷ್ಯನನ್ನು ಹೃದಯ ಹೇಳದೆ ಕೇಳದೆ ಕರೆದುಕೊಂಡುಹೋಯಿತು. ನಾನು ಅವರು ಹೇಳಿದಂತೆಯೇ ಬೆಳಕನ್ನು ಪೂರ್ತಿ ಇಳಿಸಿದೆ. ಲಲಿತಕ್ಕ ದೀಪ ಊದಿದರು. ಆಮೇಲೆ ಅವರು ಎದ್ದು ಒಳಗೆ ಹೋಗಬೇಕು, ನಾನು ವಂದನೆಗೆ ಬೆಳಕು ಹಾಕಬೇಕು. ಆದರೆ ಕತ್ತಲಲ್ಲಿ ಅವರ ಹೆಜ್ಜೆಯ ಸಪ್ಪಳ ಬಹಳ ಹೊತ್ತು ಕೇಳಿಸಲೇ ಇಲ್ಲ. ಜನ ಕೆಮ್ಮತೊಡಗಿದರು. ಪ್ರದರ್ಶನ ಮುಗಿದ ಮೇಲೆ ಏನಾಯಿತಕ್ಕ ಎಂದು ಕೇಳಲು ಹೋದೆ. ಅವರು ಬಣ್ಣ ಒರೆಸಿಕೊಳ್ಳುತ್ತ ಕನ್ನಡಿಯ ಮುಂದೆ ಕೂತಿದ್ದರು.

“ಟುಕ್ ಅನ್ಲಿಲ್ಲ ನೋಡು,” ಎಂದರು. “ಎಲ್ಲಾ ಮರೆತುಹೋಯ್ತು.”