ಬಸ್ಸಿನಲ್ಲಿ ನಾನು ಅವಳಿಗೆ ಯಾರೂ ಅಲ್ಲ

ಹೋದ ವರ್ಷದ ಬೇಸಿಗೆ ರಜೆಯಲ್ಲಿ ನಡೆದದ್ದು ಇದು. ನಮ್ಮ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಮೊಮ್ಮಗಳು ಪಲ್ಲವಿ ಹತ್ತನೇ ತರಗತಿಯ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಒಂದು ದಿನ ತಲೆಗೆ ಹಸಿರು ಟೋಪಿ ಹಾಕಿಕೊಂಡು ಬಂದು, ಕಮಲಾಪುರದ ಹತ್ತಿರ ಇರುವ ಮೃಗಾಲಯಕ್ಕೆ ದಿನಾ ಹೋಗುತ್ತೇನೆ ಎಂದಳು.

"ಸಂಬಳ ಎಷ್ಟು?" ಎಂದೆ.

"ಸಂಬಳ ಇಲ್ಲಜ್ಜಿ, ವಾಲಂಟಿಯರ್."

"ಹಂಗಂದ್ರ?"

"ಪುಕ್ಕಟೆ ಮಾಡೋದು."

"ಅದನ್ನ ನಾನು ಈ ಮನ್ಯಾಗ ಮಾಡ್ಕೋಂತನ ಬಂದೀನಿ. ನನಗ್ಯಾರೂ ಟೋಪಿ ಕೊಡಲಿಲ್ಲ" ಎಂದೆ.

ಅವಳು ನಕ್ಕು ಹೋಗಿಬಿಟ್ಟಳು. ಅಲ್ಲಿ ಅವಳ ವಯಸ್ಸಿನ ಹುಡುಗ ಹುಡುಗಿಯರ ಒಂದು ಗುಂಪೇ ಇತ್ತು. ಬೋನಿನ ಹತ್ತಿರ ನಿಂತು ಜನ ಕಡಲೆಕಾಯಿ ಎಸೆಯದಂತೆ ನೋಡಿಕೊಳ್ಳುವುದು, ಪ್ಲಾಸ್ಟಿಕ್ ಆರಿಸುವುದು, ಯಾವ ಪ್ರಾಣಿ ಏನು ತಿನ್ನುತ್ತದೆ ಎಂದು ಹೇಳುವುದು ಅವರ ಕೆಲಸ. ರಜೆ ಮುಗಿಯುವ ಹೊತ್ತಿಗೆ ಒಬ್ಬರನ್ನು ಲೀಡರ್ ಮಾಡುತ್ತಾರೆ, ಮುಂದೆ ಬರುವ ಹೊಸ ಮಕ್ಕಳಿಗೆ ಅವರೇ ಕಲಿಸಬೇಕು ಎಂದು ಪಲ್ಲವಿ ಹೇಳಿದಳು. ಅದಕ್ಕೆ ಒಂದು ಪರೀಕ್ಷೆ. ಸಫಾರಿ ಬಸ್ಸಿನಲ್ಲಿ ನಿಂತು ಜನರಿಗೆ ಎಲ್ಲ ವಿವರಿಸಬೇಕು. ಮೃಗಾಲಯದ ಮೇಡಂ ಒಬ್ಬರು ಮುಂದಿನ ಸೀಟಿನಲ್ಲಿ ಕೂತು ನೋಡುತ್ತಾರೆ. ಅವರು ಎದ್ದು ಮಾತಾಡಬೇಕಾಗಿ ಬಂತೆಂದರೆ ವಿವರಿಸುತ್ತಿರುವವರ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಪಲ್ಲವಿಗೆ ಅದರ ಮೇಲೆ ಬಹಳ ಆಸೆ. ಊಟ ಮಾಡುವಾಗಲೂ ತುಟಿ ಅಲ್ಲಾಡಿಸುತ್ತಾ ಹುಲಿಯ ತೂಕ, ಕರಡಿಯ ಆಹಾರ ಎಂದು ಬಾಯಿಪಾಠ ಮಾಡುತ್ತಿದ್ದಳು. ನಾನೂ ಬರುತ್ತೇನೆ ಎಂದೆ.

"ಬರೋದಾದ್ರ ಬಾ. ಆದ್ರ ಬಸ್ಸಿನ್ಯಾಗ ನಾನು ನಿನಗ ಯಾರೂ ಅಲ್ಲ. ಏನs ಆಗ್ಲಿ, ಬಾಯಿ ತೆಗೀಬ್ಯಾಡ. ನಿನ್ನ ಬಾಯಿ ನನಗ ಗೊತ್ತೈತಿ."

ಅದು ಸುಳ್ಳೇನಲ್ಲ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮೊಣಕಾಲು ಕೈಕೊಡುವ ತನಕ ಕಮಲಾಪುರದ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ಹೆಂಗಸರ ಗುಂಪು ನಡೆಸಿದ್ದೇನೆ. ನನ್ನ ದನಿ ಮೂರು ಗದ್ದೆ ಆಚೆ ಕೇಳುತ್ತಿತ್ತು. ಪಲ್ಲವಿ ಸಣ್ಣವಳಿದ್ದಾಗ ಬದುವಿನ ಮೇಲೆ ಕೂತು ಆಡುತ್ತಿದ್ದಳು. ಆಗಲಿ ಎಂದು ಮಾತು ಕೊಟ್ಟೆ.

ಪರೀಕ್ಷೆ ಇದ್ದ ಭಾನುವಾರ ಕಮಲಾಪುರದ ಬಸ್ಸು ಹಿಡಿದು ಹೋದೆ. ಸಫಾರಿ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಕಿಟಕಿಗಳಿಗೆಲ್ಲ ಜಾಲರಿ. ಸಂಡೂರಿನಿಂದ ಬಂದ ಒಂದು ದೊಡ್ಡ ಕುಟುಂಬವೇ ಅರ್ಧ ಬಸ್ಸು ತುಂಬಿತ್ತು. ಅವರ ಹಿರಿಯ ಮೀಸೆ ಬಿಟ್ಟ ಒಬ್ಬ ಎತ್ತರದ ಗಂಡಸು. ಪಲ್ಲವಿ ಬಾಯಿ ತೆರೆಯುವ ಮುಂಚೆಯೇ ಅವನು ಶುರು ಮಾಡಿದ.

"ಏ ಪಾಪಾ, ಪಾಠ ಆಮ್ಯಾಲೆ. ಮೊದಲು ಹುಲಿ ತೋರ್ಸು."

ಹುಲಿ ಬೇಗನೇ ಸಿಕ್ಕಿತು. ಸಿಕ್ಕಿದ್ದೇ ತೊಂದರೆಯಾಯಿತು. ಮರದ ನೆರಳು ಬಿದ್ದಿದ್ದ ಕಡೆ ರಸ್ತೆಗೆ ಅಡ್ಡಲಾಗಿ ಮಲಗಿತ್ತು. ಡ್ರೈವರ್ ಎಂಜಿನ್ ಆಫ್ ಮಾಡಿದ. ಹಾರ್ನ್ ಹೊಡೆಯುವಂತಿಲ್ಲ, ಅದಾಗಿಯೇ ಎದ್ದು ಹೋಗುವವರೆಗೆ ಕಾಯಬೇಕು ಎಂದು ಪಲ್ಲವಿ ಹೇಳಿದಳು. ಜನ ಮೊದಲು ಫೋಟೊ ತೆಗೆದರು. ಆಮೇಲೆ ಸೆಕೆ ಹತ್ತಿತು. ನಮ್ಮ ಕಡೆಯ ಬೇಸಿಗೆ, ನಿಂತ ಬಸ್ಸು ಕಾದ ಹೆಂಚಿನಂತಾಯಿತು. ಮಕ್ಕಳು ಅತ್ತವು. ಮೀಸೆಯವನು ಬಸ್ಸಿನ ತಗಡು ಬಡಿದ, ಸಿಳ್ಳೆ ಹೊಡೆದ.

"ದಯವಿಟ್ಟು ಎಲ್ಲರೂ ಶಾಂತವಾಗಿರಿ. ಪ್ರಾಣಿಗಳಿಗೆ ತೊಂದರೆ ಕೊಡಬಾರದು" ಎಂದಳು ಪಲ್ಲವಿ.

"ನಮಗ ತೊಂದ್ರಿ ಕೊಡಾಕತ್ತಿದ್ದು ಅದು. ಅದಕ್ಕ ಹೇಳು" ಎಂದ ಅವನು. ಬಸ್ಸೆಲ್ಲ ನಕ್ಕಿತು. ಅವನನ್ನು ನೋಡಿ ಉಳಿದವರೂ ತಗಡು ಬಡಿದರು. ಹುಲಿ ತಲೆ ಎತ್ತಿ ಕಿವಿ ಹಿಂದಕ್ಕೆ ಮಾಡಿತು. ಪಲ್ಲವಿ ಮತ್ತೆ ದಯವಿಟ್ಟು ಎಂದಳು, ದನಿ ಸಣ್ಣಗಾಗಿತ್ತು. ಅಷ್ಟರಲ್ಲಿ ಅವನು ಎದ್ದು, "ಬಾಗ್ಲ ಒಂಚೂರು ತೆಗದು ಒಂದು ಬಾಟ್ಲಿ ಒಗದ್ರ ತಾನs ಎದ್ದು ಹೊಕ್ಕತಿ" ಎನ್ನುತ್ತಾ ಬಾಗಿಲಿನ ಕಡೆ ಹೊರಟ. ಮುಂದೆ ಕೂತಿದ್ದ ಮೇಡಂ ಸೀಟಿನಿಂದ ಅರ್ಧ ಎದ್ದರು.

ಆಗ ಪಲ್ಲವಿ ನನ್ನ ಕಡೆ ನೋಡಿದಳು. ಒಂದೇ ಸಲ. ನನ್ನ ನಾಲಿಗೆಯ ತುದಿಗೆ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಸೆರಗಿನ ಅಂಚು ಹಲ್ಲಿನಲ್ಲಿ ಕಚ್ಚಿ ಕಿಟಕಿಯ ಕಡೆ ಮುಖ ತಿರುಗಿಸಿದೆ.

ತಿರುಗಿ ನೋಡುವ ಹೊತ್ತಿಗೆ ಅವಳು ಬಾಗಿಲ ಹತ್ತಿರ ಅವನ ಎದುರಿಗೆ ನಿಂತಿದ್ದಳು. ಪುಸ್ತಕದ ಮಾತು ಬಿಟ್ಟಿದ್ದಳು.

"ಅಣ್ಣಾ, ನೀವು ಚಲೋ ಎತ್ತರ ಅದೀರಿ. ನಿಮ್ಮ ದನಿನೂ ದೊಡ್ಡದೈತಿ. ನನ್ನ ಮಾತು ಇವ್ರು ಯಾರೂ ಕೇಳವಲ್ರು. ಈ ಬಾಗ್ಲ ನೀವು ನೋಡ್ಕೋರಿ. ಚಿಲಕಕ್ಕ ಯಾರೂ ಕೈ ಹಚ್ಚಬಾರ್ದು, ಯಾರೂ ಗದ್ಲ ಮಾಡಬಾರ್ದು. ನಿಮ್ಮನ್ನ ಬಿಟ್ರ ಇದು ಯಾರಿಗೂ ಆಗಂಗಿಲ್ಲ."

ಅವನು ಕೈಯಲ್ಲಿದ್ದ ಬಾಟಲಿ ನೋಡಿದ, ತನ್ನವರ ಕಡೆ ನೋಡಿದ. ಆಮೇಲೆ ಬಾಟಲಿಯನ್ನು ಹೆಂಡತಿಯ ಕೈಗೆ ಕೊಟ್ಟ. ಅಂಗಿ ಜಗ್ಗಿಕೊಂಡು ಬಾಗಿಲಿಗೆ ಬೆನ್ನು ಹಚ್ಚಿ ನಿಂತ. ಮೊದಲು ಬೈದದ್ದು ತನ್ನ ಅಳಿಯನನ್ನೇ.

"ಲೇ, ತಗಡು ಬಡಿಯೋದು ಬಂದ್ ಮಾಡು. ನಿನಗ ಬುದ್ಧಿ ಐತೇನು?"

ಬಸ್ಸಿನ ಗದ್ದಲ ತಣ್ಣಗಾಯಿತು. ಮೇಡಂ ಕುಳಿತರು.

ನಾಟಿಯಲ್ಲಿ ಸಾಲು ನೇರ ಬರಲೆಂದು ಗದ್ದೆಗೆ ಅಡ್ಡಲಾಗಿ ಹಗ್ಗ ಹಿಡಿಯುತ್ತಾರೆ. ನನ್ನ ಗುಂಪಿನಲ್ಲಿ ಯಾವಳು ಹೆಚ್ಚು ತಕರಾರು ಮಾಡುತ್ತಾಳೋ ಹಗ್ಗದ ತುದಿ ಅವಳ ಕೈಗೆ ಕೊಡುತ್ತಿದ್ದೆ. ಆಮೇಲೆ ಉಳಿದವರ ಸಾಲು ಸೊಟ್ಟ ಬಂದರೆ ಅವಳೇ ಕೂಗುತ್ತಿದ್ದಳು, ನನ್ನ ಗಂಟಲು ಉಳಿಯುತ್ತಿತ್ತು. ಇದನ್ನು ನಾನು ಪಲ್ಲವಿಗೆ ಯಾವತ್ತೂ ಹೇಳಿಕೊಟ್ಟಿಲ್ಲ. ಬದುವಿನ ಮೇಲೆ ಕೂತು ಆಡುತ್ತಿದ್ದಾಳೆ ಎಂದುಕೊಂಡಿದ್ದೆ, ನೋಡುತ್ತಿದ್ದಳು.

ಹುಲಿ ಇನ್ನಷ್ಟು ಹೊತ್ತು ಮಲಗಿ, ಎದ್ದು ಮೈ ಮುರಿದು ಪೊದೆಯೊಳಗೆ ಹೋಯಿತು. ಬಸ್ಸು ಹೊರಟಿತು. ವಾಪಸ್ ಬಂದು ಇಳಿಯಲು ಸಾಲು ನಿಂತಾಗ ಮೀಸೆಯವನು ನನ್ನನ್ನು ಕೇಳಿದ, "ಭಾಳ ಜೋರದಾಳ ಹುಡುಗಿ. ಯಾರ ಮನೀಕಿ ಅಜ್ಜಿ, ಗೊತ್ತೇನು?"

"ನನಗೇನು ಗೊತ್ತಪ್ಪಾ. ನಾನೂ ಹುಲಿ ನೋಡಾಕ ಬಂದಾಕಿ" ಎಂದೆ.

ಬಾಗಿಲಲ್ಲಿ ನಿಂತಿದ್ದ ಪಲ್ಲವಿ ನನ್ನ ಮೊಣಕೈ ಹಿಡಿದು, "ಸಾವಕಾಶ ಇಳೀರಿ ಅಜ್ಜಿ" ಎಂದಳು. ಹುಟ್ಟಿದಾಗಿನಿಂದ ಅವಳು ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೊಂದೇ ಸಲ.

ಲೀಡರ್ ಅವಳೇ ಆದಳು. ಆ ಸುದ್ದಿ ಬಂದ ದಿನ ತನ್ನ ಟೋಪಿ ತಂದು ನನ್ನ ತಲೆಗಿಟ್ಟಳು. ಬೆವರು ನಾರುತ್ತದೆ, ತೆಗಿ ಎಂದೆ. ಆಗ ಕೇಳಿದಳು, "ಅವತ್ತು ನಿನ್ನ ಕಡೆ ನೋಡಿದ್ನಲ್ಲ, ನೀನು ಮಾತಾಡ್ಲಿ ಅಂತನ ನೋಡಿದ್ದೆ. ತಿಳೀಲಿಲ್ಲೇನು?"

"ತಿಳೀತು" ಎಂದೆ.

"ಮತ್ತ ಯಾಕ ಸುಮ್ನ ಕುಂತಿ?"

"ಬಾಯಿ ತೆಗೀಬ್ಯಾಡ ಅಂದಾಕಿ ನೀನs."

ಅವಳು ಟೋಪಿಯನ್ನು ನನ್ನ ತಲೆಗೆ ಇನ್ನಷ್ಟು ಒತ್ತಿದಳು. ಹುಲಿಯ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ. ಅವಳು ನನ್ನ ಕಡೆ ನೋಡಿದ್ದು ನೆನಪಿದೆ. ಮುಖ ತಿರುಗಿಸಿದ್ದು ತಪ್ಪಾಯಿತೇನೋ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಆದರೂ ಅವಳು ಇನ್ನೊಮ್ಮೆ ಹಾಗೆ ನೋಡಿದರೆ ನಾನು ಕಿಟಕಿಯ ಕಡೆಗೇ ತಿರುಗುತ್ತೇನೆ.