ಅಪ್ಪನ ಬಾಣದ ಸಿಳ್ಳೆ

ನೂಕುನುಗ್ಗಲಿಲ್ಲದೆ ಹಬ್ಬದ ಬಾಣಬಿರುಸು ನೋಡಲು ಒಳ್ಳೆಯ ಜಾಗ ಯಾವುದೆಂದು ಇವತ್ತು ಮೊಮ್ಮಗಳು ಕೇಳಿದಳು. ಮದ್ದಿನ ವಾಸನೆ ಆಗಲೇ ಬೀದಿಗೆ ಬಂದಿತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ಜಾಗ ಪಟ್ಟಣದಾಚೆ, ಹೊಳೆದಂಡೆಯ ಬಂಡೆ. ಅಪ್ಪ ಕೋಟೆಯೊಳಗೆ, ಹಬ್ಬಕ್ಕೂ ಯುದ್ಧಕ್ಕೂ ಹಾರಿಸುವ ಮದ್ದಿನ ಬಾಣಗಳಿಗೆ ಕಬ್ಬಿಣದ ಕೊಳವೆ ಬಡಿಯುವ ಕಮ್ಮಾರ. ಕೊಳವೆಯ ಬಾಯಿಯನ್ನು ತುಸು ಕಿರಿದು ಮಾಡುತ್ತಿದ್ದುದರಿಂದ ಅವನ ಬಾಣ ಮಾತ್ರ ಸಿಳ್ಳೆ ಹಾಕುತ್ತಿತ್ತು. ಹಬ್ಬದ ದಿನ ನಮ್ಮ ಜೊತೆ ಕೂತು, ಸಿಳ್ಳೆ ಕೇಳಿದಾಗಲೆಲ್ಲ "ನಂದು ಕಣ್ ಮಗಾ!" ಎಂದು ನನ್ನ ಬೆನ್ನು ತಟ್ಟುತ್ತಿದ್ದ.

ಕೋಟೆಗೆ ಮುತ್ತಿಗೆ ಬಿದ್ದಾಗ ಅಪ್ಪ ಒಳಗೇ ಸಿಕ್ಕಿಕೊಂಡ. ದಿನಾ ಸಂಜೆ ಅವ್ವ ನನ್ನನ್ನು ಅದೇ ಬಂಡೆಗೆ ಕರೆದೊಯ್ಯುತ್ತಿದ್ದಳು. ಫಿರಂಗಿಗಳ ಸದ್ದಿನ ನಡುವೆ ಒಂದು ಸಿಳ್ಳೆ ಕೇಳಿದರೆ ಸಾಕು, "ನಿಮ್ಮಪ್ಪ ಅವ್ರೆ ಕಣೆ, ಇನ್ನೂ ಬಡೀತಾವ್ರೆ" ಎನ್ನುತ್ತಿದ್ದಳು. ಮನೆಗೆ ಬಂದು ಅವನ ಪಾಲಿನ ಮುದ್ದೆಯನ್ನೂ ಕಟ್ಟಿಡುತ್ತಿದ್ದಳು.

ಕೋಟೆ ಬಿದ್ದ ಮೇಲೆ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಬಂದ. "ಮೊದಲ್ನೇ ದಿನದ ಗುಂಡಿಗೇ ಓಗ್ಬುಟ್ರು ಕಣಕ್ಕಾ" ಎಂದ. ಅವ್ವ ನಂಬಲಿಲ್ಲ. "ನೆನ್ನೆ ಗಂಟ ಸಿಳ್ಳೆ ಕೇಳ್ತಿತ್ತಲ್ಲಪ್ಪಾ?"

"ಅವೆಲ್ಲ ಅವ್ರು ಮೊದ್ಲೇ ಮಾಡಿಟ್ಟಿದ್ದ ಬಾಣ ಕಣಕ್ಕಾ."

ಅವ್ವ ಎದ್ದು ಹೋಗಿ, ಕಟ್ಟಿಟ್ಟಿದ್ದ ಮುದ್ದೆಯನ್ನು ಅವನ ಮುಂದಿಟ್ಟಳು.

ಮೊಮ್ಮಗಳಿಗೆ ಬಂಡೆಯ ದಾರಿ ಹೇಳಿ ಕಳಿಸಿದ್ದೇನೆ. ಈಗಿನ ಬಾಣಗಳಲ್ಲಿ ಆ ಸಿಳ್ಳೆಯಿಲ್ಲ. ಆದರೂ ಎಲ್ಲಿ ಕೇಳಿಬಿಡುತ್ತದೋ ಎಂದು ಕಿವಿ ಮುಚ್ಚಿಕೊಂಡೇ ಕೂತಿದ್ದೇನೆ.