ಗುಂಡ್ಲುಪೇಟೆಯ ಗೋಡೆ ಮೇಲಿನ ಶಾರ್ಕಿನ ತೂಕ

ಚಾಮರಾಜನಗರದ ಬಸ್ ನಿಲ್ದಾಣ ಬಿಟ್ಟಾಗ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟರು. ಸೊನ್ನೆ ರೂಪಾಯಿಯ ಟಿಕೆಟ್ಟನ್ನೂ ಹಿಂದೆ ಮುಂದೆ ತಿರುಗಿಸಿ ನೋಡುವವಳು ನಾನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕೆಲಸದಿಂದ ನಿವೃತ್ತಳಾದೆ, ಅನುಮಾನದ ಚಾಳಿಯಿಂದ ಆಗಲಿಲ್ಲ.

ಹೊರಟಿದ್ದೂ ಅನುಮಾನದ ಕೆಲಸಕ್ಕೇ. ನನ್ನ ಹಳೆಯ ವಿದ್ಯಾರ್ಥಿನಿ ಲತಾ ಈಗ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ದೈತ್ಯ ಶಾರ್ಕನ್ನು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ನಿಜಗಾತ್ರದಲ್ಲಿ ಬರೆಸಿದ್ದಳು, ಅರವತ್ತು ಅಡಿ. ಅಷ್ಟೂ ಅಳತೆ ಹುಟ್ಟಿದ್ದು ಅವಳ ಮನೆಯಲ್ಲಿದ್ದ ಒಂದೇ ಒಂದು ಹಲ್ಲಿನಿಂದ. ತಿಳಿದವರು ಬಂದು ಸರಿ ಎಂದರೆ ಇರಲಿ, ಇಲ್ಲದಿದ್ದರೆ ಸುಣ್ಣ ಹೊಡೆಸುತ್ತೇನೆ ಎಂದಿದ್ದರಂತೆ ಮುಖ್ಯೋಪಾಧ್ಯಾಯರು.

ನನಗೂ ನಂಬಿಕೆ ಇರಲಿಲ್ಲ. ಶಾರ್ಕಿಗೆ ಗಟ್ಟಿ ಮೂಳೆಯಿಲ್ಲ, ಸತ್ತ ಮೇಲೆ ಉಳಿಯುವುದು ಹೆಚ್ಚಾಗಿ ಹಲ್ಲು ಮಾತ್ರ. ಒಂದು ಹಲ್ಲು ಹಿಡಿದು ಇಡೀ ಮೀನನ್ನು ಅಳೆಯುವಾಗ ಅಳೆಯುವವರ ಉತ್ಸಾಹವೂ ಅಡಿಗಳಲ್ಲಿ ಸೇರಿಕೊಳ್ಳುತ್ತದೆ. ಹಲ್ಲೇ ನಕಲಿ ಇದ್ದರೂ ಇರಬಹುದೆಂದು ಗೋಣಿ ಹೊಲಿಯುವ ದಬ್ಬಳವೊಂದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ.

ಪಕ್ಕದಲ್ಲಿ ಉಮ್ಮತ್ತೂರಿನ ಹೆಂಗಸೊಬ್ಬಳು ಕೂತಿದ್ದಳು. ಎಲ್ಲಿಗೆ ಎಂದು ಕೇಳಿದಳು. ಗುಂಡ್ಲುಪೇಟೆಗೆ, ಮೀನು ನೋಡುವುದಕ್ಕೆ ಎಂದೆ.

"ಅಲ್ಲಿಗೆ ಕೇರಳದಿಂದ ಐಸಲ್ಲಿ ಬರೋದು ಕಣವ್ವ. ಕಿವಿರು ಎತ್ತಿ ನೋಡ್ಬುಟ್ಟು ತಕ್ಕಳಿ, ಮೋಸ ಓಗ್ಬೇಡಿ," ಎಂದಳು. ಆ ಮಾತು ನನಗೆ ಬಹಳ ಹಿಡಿಸಿತು.

ತೆರಕಣಾಂಬಿ ದಾಟಿ ಗುಂಡ್ಲುಪೇಟೆ ತಲುಪಿದಾಗ ಗಾಳಿಯಲ್ಲಿ ಈರುಳ್ಳಿಯ ಘಾಟು. ಲತಾ ಸ್ಕೂಟರ್ ತಂದಿದ್ದಳು. ಈರುಳ್ಳಿ ಮಂಡಿಯ ಮುಂದೆ ಲಾರಿಗಳು ಅಡ್ಡ ನಿಂತು ನಾವೂ ನಿಲ್ಲಬೇಕಾಯಿತು. ವ್ಯಾಪಾರಿಯೊಬ್ಬ ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ನಡುವಿನಿಂದ ಈರುಳ್ಳಿ ಎಳೆಯುತ್ತಿದ್ದ. ದಪ್ಪನೆಯವನ್ನು ಮೇಲೆ ಜೋಡಿಸುವುದು ಮಾರುವವರ ಪದ್ಧತಿ, ಒಳಗೆ ಕೈ ಹಾಕುವುದು ಕೊಳ್ಳುವವರದು. ಸರಿಯಾದ ಊರಿಗೇ ಬಂದೆ ಅನ್ನಿಸಿತು.

ಗೋಡೆಯ ಶಾರ್ಕ್ ಚೆನ್ನಾಗಿತ್ತು. ಆದರೆ ಕೆಳಗೆ ಬರೆದಿದ್ದನ್ನು ಓದಿ ನನ್ನ ಹುಬ್ಬು ಏರಿತು. 'ಉದ್ದ ಸುಮಾರು ಅರವತ್ತು ಅಡಿ. ತೂಕ ಆರು ಟನ್. ಆಧಾರ: ಅಸಲಿ ಹಲ್ಲು.'

"ಉದ್ದಕ್ಕೆ ಸುಮಾರು ಅಂತ ಹಾಕಿದ್ದೀಯ, ಒಳ್ಳೇದು. ಮುಂದಿನ ಹಲ್ಲೋ ಪಕ್ಕದ ಹಲ್ಲೋ ಅನ್ನೋದರ ಮೇಲೆ ಲೆಕ್ಕ ಎಷ್ಟೋ ಅಡಿ ಹೆಚ್ಚು ಕಮ್ಮಿ ಆಗುತ್ತೆ. ಈ ಆರು ಟನ್ ಎಲ್ಲಿಂದ ಬಂತು?"

"ತೂಕದ ಲೆಕ್ಕ ಅಪ್ಪಂದು ಮೇಡಂ," ಎಂದಳು ಲತಾ, ಸಂಕೋಚದಿಂದ.

ಅವಳ ಅಪ್ಪ ಮಾದಪ್ಪನವರು ಕೋಳಿಕ್ಕೋಡಿಗೆ ಈರುಳ್ಳಿ ಲಾರಿ ಓಡಿಸಿದವರು. ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಹಲ್ಲನ್ನು ನನ್ನ ಕೈಗಿಟ್ಟರು. ಅಂಗೈ ತುಂಬುವಷ್ಟಿತ್ತು.

"ಶಾರ್ಕಿಗೆ ಸ್ರಾವು ಅಂತಾರೆ ಅಲ್ಲಿಯೋರು. ಸಮುದ್ರದಿಂದ ಎತ್ತಿದ್ದು ಅಂತ ಏಳಿ ಕೊಟ್ರು. ಇವಳು ಐದ್ನೇ ಕ್ಲಾಸಲ್ಲಿ ಇದ್ಲು. ಇದ ನೋಡ್ಕಂಡೇ ಸೈನ್ಸು ಓದಿದ್ದು."

ಹಲ್ಲು ಹಗುರವಾಗಿತ್ತು. ಕಲ್ಲಾದ ಹಲ್ಲು ಕೈಗೆ ಭಾರವಾಗಿ, ತಣ್ಣಗೆ ಸಿಗಬೇಕು. ಅವರು ಜಗಲಿಗೆ ಹೋದಾಗ ನಾನು ಒಲೆ ಹಚ್ಚಿ ದಬ್ಬಳ ಕಾಯಿಸಿ ಬೇರಿನ ಮೂಲೆಗೆ ಒತ್ತಿದೆ. ಕಲ್ಲಾಗಿದ್ದರೆ ಇಳಿಯುತ್ತಿರಲಿಲ್ಲ, ದಬ್ಬಳ ಇಳಿಯಿತು. ಲತಾಳ ಮುಖ ಬಿಳಿಚಿಕೊಂಡಿತು.

"ಅಪ್ಪಂಗೆ ಹೇಳ್ಬೇಡಿ ಮೇಡಂ. ಗೋಡೆಗೆ ಬೇಕಾದ್ರೆ ಸುಣ್ಣ ಹೊಡೀಲಿ."

ಅಷ್ಟರಲ್ಲಿ ಮಾದಪ್ಪನವರು ಬಾಗಿಲಲ್ಲಿದ್ದರು. "ವೈರ್ ಸುಟ್ಟಂಗೆ ವಾಸ್ನೆ ಬತ್ತಾ ಅದೆ," ಎಂದರು. ಲಾರಿಯವರಿಗೆ ಆ ವಾಸನೆ ಗೊತ್ತು. ಏನೋ ಸಮಾಧಾನ ಹೇಳಲು ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ಮೇಲ್ಗಡೆ ಈರುಳ್ಳಿ ತೋರಿಸ್ಬೇಡಿ ಅವ್ವ. ಮೂಟೆ ಒಳಗಿಂದು ತಗೀರಿ."

ಹೇಳಿದೆ. ಇದು ಹಲ್ಲಲ್ಲ, ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ನಕಲು. ಅವರು ಗೋಡೆಗೆ ಒರಗಿ ಕೂತುಬಿಟ್ಟರು. ನನಗೆ ನನ್ನ ದಬ್ಬಳದ ಮೇಲೇ ಸಿಟ್ಟು ಬಂತು.

ಅನುಮಾನವನ್ನು ಅರ್ಧಕ್ಕೆ ಬಿಡುವುದು ನನ್ನಿಂದಾಗದು. ಕನ್ನಡಕ ಏರಿಸಿ ಮತ್ತೆ ನೋಡಿದೆ. ಅಂಚಿನ ಗರಗಸದ ಹಲ್ಲುಗಳು ಒಂದು ಕಡೆ ಸವೆದಿದ್ದವು. ತುದಿ ಚೂರು ಮುರಿದಿತ್ತು. ಬೇರಿನ ಹತ್ತಿರ ಕೂದಲೆಳೆಯ ಬಿರುಕು. ಮಾರಾಟಕ್ಕೆ ಸುಳ್ಳು ಹಲ್ಲು ಕೆತ್ತುವವನು ಇಷ್ಟು ಸವೆತವನ್ನು ಯಾಕೆ ಕೆತ್ತುತ್ತಾನೆ? ನಿಜವಾದ ಹಲ್ಲಿನ ಮೇಲೇ ಅಚ್ಚು ತೆಗೆದಿರಬೇಕು. ಹಾಗಿದ್ದರೆ ಅಳತೆ ಅಸಲಿಯದೇ.

"ಉದ್ದ ನಿಲ್ಲುತ್ತೆ," ಎಂದೆ. "ತಪ್ಪಿರೋದು ನಿಮ್ಮ ತೂಕ. ಹೇಗೆ ಹಾಕಿದಿರಿ?"

"ಈಗಿರೋ ಇಪ್ಪತ್ತಡಿ ಬಿಳಿ ಶಾರ್ಕು ಎರಡು ಟನ್ನು ಅಂದ್ಲು ಮಗಳು. ಅರವತ್ತಡಿ ಅಂದ್ರೆ ಮೂರರಷ್ಟು, ಆರು ಟನ್ನು. ಲಾರಿ ಬಾಡಿ ಉದ್ದ ಮಾಡಿದಷ್ಟೂ ಲೋಡು."

ಲಾರಿ ಉದ್ದವಾದರೆ ಅಗಲ, ಎತ್ತರ ಹಾಗೇ ಇರುತ್ತವೆ. ಮೀನು ಮೂರೂ ಕಡೆ ಬೆಳೆಯುತ್ತದೆ. ಅಡುಗೆಮನೆಯ ತಕ್ಕಡಿ ತರಿಸಿ ಒಂದು ತಟ್ಟೆಗೆ ದಪ್ಪ ಈರುಳ್ಳಿ ಇಟ್ಟೆ. ಇನ್ನೊಂದಕ್ಕೆ ಅದರ ಅರ್ಧ ಅಗಲದ ಸಣ್ಣವನ್ನು ಒಂದೊಂದಾಗಿ ಹಾಕಲು ಅವರಿಗೆ ಹೇಳಿದೆ. ಎರಡಕ್ಕೆ ತಕ್ಕಡಿ ಅಲುಗಲಿಲ್ಲ. ಎಂಟನೆಯದಕ್ಕೆ ಸಮವಾಯಿತು. ಅವರು ತಕ್ಕಡಿಯ ಮುಳ್ಳನ್ನು ಅನುಮಾನದಿಂದ ಬೆರಳಲ್ಲಿ ತಟ್ಟಿ ನೋಡಿದರು.

"ಉದ್ದ ಎರಡರಷ್ಟಾದರೆ ತೂಕ ಎಂಟರಷ್ಟು. ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಮೈಕಟ್ಟು ಬಿಳಿ ಶಾರ್ಕಿನ ಹಾಗೇ ಇತ್ತು ಅಂದುಕೊಂಡರೆ ಸುಮಾರು ಐವತ್ತನಾಲ್ಕು ಟನ್. ತೆಳ್ಳಗಿದ್ದರೆ ಕಮ್ಮಿ."

ಉತ್ಪ್ರೇಕ್ಷೆ ಕತ್ತರಿಸಲು ಬಂದವಳು ನಾನೇ ಟನ್ನುಗಟ್ಟಲೆ ಸೇರಿಸಿಬಿಟ್ಟಿದ್ದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಖ್ಯೋಪಾಧ್ಯಾಯರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಒಂದಷ್ಟು ಅಡ್ಡಪ್ರಶ್ನೆ ಹಾಕಿ, ಗೋಡೆ ಹಾಗೇ ಇರಲಿ ಎಂದರು. ಗೋಡೆಯ ಹತ್ತಿರ ಮಾದಪ್ಪನವರೇ ಮಗಳಿಗೆ ಹೇಳಿದರು: "ಅಸಲಿ ಅನ್ನೋದ ಅಳಿಸ್ಬುಡವ್ವ. ಅಚ್ಚು ಅಂತ ಬರಿ." ಲತಾ ಬರೆದಳು. ಆರು ಟನ್ ಅಳಿಸಿ ಐವತ್ತನಾಲ್ಕು ಮಾಡಿ, ಅದಕ್ಕೂ ಒಂದು 'ಸುಮಾರು' ಸೇರಿಸಿದಳು.

ನನ್ನನ್ನು ಬಸ್ ಹತ್ತಿಸಲು ಮಾದಪ್ಪನವರು ಬಂದರು. ಕಿಟಕಿಯ ಕೆಳಗೆ ನಿಂತು ಕೇಳಿದರು: "ಅಚ್ಚು ತಗದ್ರಲ್ಲ, ಆ ಅಸಲಿ ಹಲ್ಲು ಎಲ್ಲದೆ?"

"ಗೊತ್ತಿಲ್ಲ."

"ಎಲ್ಲೋ ಅದೆ ತಾನೆ?"

"ಎಲ್ಲೋ ಇರಲೇಬೇಕು."

"ಅಂಗಾರೆ ನಾನು ಮಗೀಗೆ ಸುಳ್ಳು ಏಳ್ನಿಲ್ಲ."

ಬಸ್ ಹೊರಟಿತು. ತಿರುಗಿ ನೋಡಿದೆ. ಅವರ ಅಂಗಿ ಜೇಬು ಒಂದು ಕಡೆ ಉಬ್ಬಿತ್ತು, ಅದರ ಮೇಲೆ ಅವರ ಕೈ ಇತ್ತು.